ಮಾವನ ರೈಫಲ್

ಅಡುಗೆಮನೆಯ ಮೇಜು,
೧೪ ಮಾರ್ಚ್, ಗುರುವಾರ ಮಧ್ಯಾಹ್ನ

ಪ್ರೀತಿಯ ಮಾವಾ,

ಮೊಣಕಾಲಿನ ಊತ ಇಳಿಯಿತೇ? ಡಾಕ್ಟರು ಹೇಳಿದ ವ್ಯಾಯಾಮವನ್ನು ನೀವು ಅತ್ತೆ ನೋಡುವಾಗ ಮಾತ್ರ ಮಾಡುತ್ತೀರಂತೆ. ಅತ್ತೆಯೇ ಬರೆದಿದ್ದಾರೆ. ಅಮ್ಮ ಚೆನ್ನಾಗಿದ್ದಾಳೆ, ಆದರೆ ನನ್ನೊಡನೆ ಮೂರು ದಿನದಿಂದ ಮಾತಿಲ್ಲ. ಕಾರಣ ನಿಮಗೆ ಗೊತ್ತು, ಈ ಹೊಸ ಕೆಲಸ ಅವಳಿಗೆ ಇಷ್ಟವಿಲ್ಲ.

ಕಾಡಿಗೆ ಹೋಗುವ ಸರ್ವೆ ತಂಡದ ಕಾವಲಿಗೆ ನನ್ನನ್ನು ಆರಿಸಿದ್ದಾರೆ, ನೀವು ಇಪ್ಪತ್ತು ವರ್ಷ ಮಾಡಿದ ಅದೇ ಕೆಲಸಕ್ಕೆ. ಸೋಮವಾರದೊಳಗೆ ಸ್ವಂತ ರೈಫಲ್ ತೋರಿಸಬೇಕು, ಕರಡಿಯನ್ನು ತಡೆಯುವಷ್ಟು ದೊಡ್ಡ ಗುಂಡಿನದು. ಇಲ್ಲದಿದ್ದರೆ ಕೆಲಸ ಇನ್ನೊಬ್ಬರಿಗೆ. ನಿಮ್ಮ ಕಾಗದದಲ್ಲಿ ಹೀಗಿತ್ತು: "ದೊಡ್ಡದು ನಿನ್ನಂಥ ಕಡ್ಡಿಗಲ್ಲ ಕಣೇ. ತಗೊಳ್ಳಲೇಬೇಕು ಅಂದ್ರೆ ಯಾವುದಾದ್ರೂ ತಗೋ, ಬಂದೂಕು ರಿಪೇರಿಯವನಿಗೆ ನಾನು ಮಾರಿದ್ದನ್ನ ಮಾತ್ರ ಮುಟ್ಟಬೇಡ. ನೂರಾರು ಗುಂಡು ಹಾರಿಸಿ ಅದರ ನಳಿಗೆ ಸವೆದು ಹೋಗಿದೆ."

ಅದಕ್ಕೇ ರಿಪೇರಿಯವರ ಅಂಗಡಿಗೆ ಹೋಗಿ, ಮೊದಲು ಅದನ್ನೇ ಗೋಡೆಯಿಂದ ಇಳಿಸಿ ಕೊಡಿ ಎಂದೆ.

ಹಳೆಯ ರೈಫಲ್ ಕೊಳ್ಳುವಾಗ ಹೊರಗಿನ ಹೊಳಪು ನೋಡಬಾರದು ಎಂದು ಕಲಿಸಿದವರು ನೀವೇ. ಈ ಅಳತೆಯ ತೋಟಾ ಇನ್ನೂ ತಯಾರಾಗುತ್ತದೆಯೇ ಎಂದು ಮೊದಲು ಕೇಳಿದೆ. ಆಗುತ್ತದಂತೆ. ತೋಟಾ ಸಿಗದ ರೈಫಲ್ ಬರೀ ದೊಣ್ಣೆ ತಾನೇ? ಕಬ್ಬಿಣದ ಮೇಲಿನ ಸಂಖ್ಯೆ ಲೈಸೆನ್ಸ್ ಕಾಗದದ ಸಂಖ್ಯೆಗೆ ಸರಿಹೊಂದಿತು. ದೊಡ್ಡ ಗುಂಡಿನ ಒದೆತಕ್ಕೆ ಮರದ ಹಿಡಿ ಕಬ್ಬಿಣ ಕೂರುವ ಜಾಗದಲ್ಲೇ ಸೀಳುತ್ತದೆ. ಅಲ್ಲಿ ಎಣ್ಣೆ ಒರೆಸಿ ಉಗುರಿನಿಂದ ಕೆರೆದು ನೋಡಿದೆ, ಕೂದಲೆಳೆಯಷ್ಟೂ ಬಿರುಕಿಲ್ಲ. ಕೊನೆಗೆ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗುಂಡನ್ನು ತಿರುಗಿಸುವ ಒಳಗಿನ ಗೀರುಗಳು ಸವೆದೇ ಇಲ್ಲ, ಹೊಸ ತಿರುಪಿನ ಮೊಳೆಯಷ್ಟು ಚೂಪು. ರಿಪೇರಿಯವರು ನಕ್ಕು, "ಹೊರಗೆ ಮುದುಕ, ಒಳಗೆ ಮದುವೆ ಗಂಡು ಕಣಮ್ಮಾ" ಎಂದರು. ನಾನು ನಗಲಿಲ್ಲ. ನಿಮ್ಮ ನೂರಾರು ಗುಂಡುಗಳು ಎಲ್ಲಿ ಹೋದವು ಎಂದು ಯೋಚಿಸುತ್ತಿದ್ದೆ.

ಕೊಂಡಿದ್ದೇನೆ, ಮಾವಾ. ಹಿಡಿ ನನ್ನ ತೋಳಿಗೆ ಎರಡು ಬೆರಳು ಉದ್ದವಿತ್ತು, ಅಲ್ಲೇ ಗರಗಸದಿಂದ ಕೊಯ್ಯಿಸಿದೆ. ಇನ್ನು ಅದು ನಿಮ್ಮ ಹೆಗಲಿಗೆ ಕೂರುವುದಿಲ್ಲ. ಬೈಯುವುದಿದ್ದರೆ ಉದ್ದವಾಗಿಯೇ ಬರೆಯಿರಿ, ಕ್ಯಾಂಪಿನಲ್ಲಿ ಓದಲು ಬೇಕಾಗುತ್ತದೆ.

ಅತ್ತೆಗೆ ನಮಸ್ಕಾರ ಹೇಳಿ. ನೀವು ಬೇಗ ಎದ್ದು ಓಡಾಡುವಂತಾಗಲಿ.

ನಿಮ್ಮ ತಂಗಿಯ ಮಗಳು,
ಕಡ್ಡಿ

ಮರೆತಿದ್ದೆ: ನೀವು ರೈಫಲ್ ಜೊತೆ ರಿಪೇರಿಯವರಿಗೆ ಕೊಟ್ಟಿದ್ದ ತೋಟಾ ಪೆಟ್ಟಿಗೆಯೂ ನನಗೇ ಬಂತು. ಇಪ್ಪತ್ತರ ಪೆಟ್ಟಿಗೆ, ಮುಚ್ಚಳದ ಮೇಲೆ ನಿಮ್ಮ ಅಕ್ಷರದಲ್ಲಿ ನೀವು ಕೆಲಸಕ್ಕೆ ಸೇರಿದ ವರ್ಷ. ಅವರು ಹೇಳುವಂತೆ, ಇಡೀ ಇಪ್ಪತ್ತು ವರ್ಷದಲ್ಲಿ ನೀವು ಕೊಂಡದ್ದು ಅದೊಂದೇ ಪೆಟ್ಟಿಗೆ. ಒಳಗೆ ಹದಿನೇಳಿದ್ದವು. ಅಮ್ಮನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಆದರೆ ಮೂರೇ ಗುಂಡಿನಲ್ಲಿ ಇಪ್ಪತ್ತು ವರ್ಷ ಅಷ್ಟು ಜನರನ್ನು ಸುರಕ್ಷಿತವಾಗಿ ಮನೆಗೆ ತಲುಪಿಸಿದ್ದು ಹೇಗೆ? ಅದನ್ನು ಬರೆಯಿರಿ, ಬೈಗುಳ ಆಮೇಲೆ. ಕೆಲಸಕ್ಕೆ ಹೊಸ ತೋಟಾ ತರಿಸಿದ್ದೇನೆ. ನಿಮ್ಮವು ಅಭ್ಯಾಸಕ್ಕೆ. ನಿನ್ನೆ ನಾಲ್ಕು ಹಾರಿಸಿದೆ. ಭುಜ ನೀಲಿಗಟ್ಟಿದೆ. ಈಗ ಹದಿಮೂರಿವೆ.