ಬಾದಾಮಿ ಕೋಟೆಯ ಮೇಲೆ

ಜನವರಿ ೧೨, ಭಾನುವಾರ

ನಿದ್ದೆ ಹತ್ತುತ್ತಿಲ್ಲ.

ಎತ್ತರವೆಂದರೆ ನನಗೆ ಮೊದಲಿನಿಂದಲೂ ತಲೆ ತಿರುಗುತ್ತದೆ. ಅದಕ್ಕೇ ಇವತ್ತೂ ಕೋಟೆಯ ಬುಡದಲ್ಲಿ ಮಗಳು ಭುವನಾ, "ಅವ್ವಾ, ನೀ ಚೀಲ ಕಾಯ್ಕೋತ ಕುಂದ್ರು" ಎಂದು ನಕ್ಕು, ತನ್ನ ತಮ್ಮ ಮಲ್ಲುವನ್ನು ಎಳೆದುಕೊಂಡು ಓಡಿದಳು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಅವಳ ಕೂಗು: "ಅವ್ವಾ, ಮಲ್ಲು ಗುಡಿ ಕಂಬಾ ತಬ್ಕೊಂಡು ಅಳಾಕತ್ತಾನ! ಕೆಳಗ ನೋಡಿ ಅಂಜ್ಯಾನ, ಇಳಿಯವಲ್ಲ!"

ಅದು ನನ್ನಿಂದಲೇ ಅವನಿಗೆ ಬಂದ ಅಂಜಿಕೆ. ಚೀಲ ಅಲ್ಲೇ ಬಿಟ್ಟೆ. ಬಂಡೆಗಳ ಸಂದಿಯಲ್ಲಿ ಒಂದೊಂದೇ ಮೆಟ್ಟಿಲಿಗೆ ಕೈಯೂರಿ ಹತ್ತಿದೆ. ಒಮ್ಮೆಯೂ ಹಿಂದೆ ತಿರುಗಲಿಲ್ಲ.

ಪಾಳುಗುಡಿಯ ಮುಂದೆ ನನ್ನನ್ನು ಕಂಡು ಮಲ್ಲು ಅಳುವುದನ್ನೇ ಮರೆತ. "ನಿನಗ ಅಂಜಿಕಿ ಬರಲಿಲ್ಲೇನ್ಬೇ?"

"ಬಂತು. ಈಗೂ ಐತಿ. ಕೈ ಹಿಡಿ."

ಇಳಿಯುವಾಗ ಕೂತು ಜಾರಿಕೊಂಡೇ ಇಳಿದೆವು, ಅದಿರಲಿ. ಅದಕ್ಕೂ ಮೊದಲು ಮೂವರೂ ಕೈ ಹಿಡಿದು ಅಲ್ಲಿ ನಿಂತೆವು. ಹುಟ್ಟಿದಾಗಿನಿಂದ ಕೆಳಗಿನಿಂದಲೇ ಕಂಡ ನನ್ನ ಊರು, ಕೆರೆ, ಎಲ್ಲ ಕಾಲ ಕೆಳಗಿದ್ದವು. ತಡೆಯಲಾಗಲಿಲ್ಲ, ಗಂಟಲು ಹರಿಯುವಂತೆ ಕೂಗಿದೆ. ಮಕ್ಕಳೂ ಕೂಗಿದರು. ಎದುರಿನ ಕೆಂಪು ಗುಡ್ಡ ಮೂವರಿಗೂ ಓಗೊಟ್ಟಿತು.