ಹಸಿರು ಕಫ

ಗುಂಡ್ಲುಪೇಟೆ
9 ನವೆಂಬರ್ 2025

ಪ್ರೀತಿಯ ಶೃತಿ ಅಕ್ಕನಿಗೆ,

ಹೇಗಿದ್ದೀಯ? ಊಟ ಸೇರುತ್ತಿದೆಯಾ? ತಾಳವಾಡಿಯ ಚಳಿಗೆ ರಾಜಶೇಖರ ಮಾವನ ಸೊಂಟನೋವು ಜಾಸ್ತಿಯಾಗಿಲ್ಲ ತಾನೇ? ಅಮ್ಮನ ತಮ್ಮ ನಿನ್ನ ಗಂಡನಾಗಿ ಮೂರು ವರ್ಷವಾದರೂ ನನ್ನ ಬಾಯಿಗೆ ‘ಭಾವ’ ಬರುವುದಿಲ್ಲ, ಮಾವನೇ ಇರಲಿ. ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ಫೋನಿನಲ್ಲಿ ಎರಡು ಮಾತಿಗೆ ನಾಲ್ಕು ಸಲ ಕೆಮ್ಮುತ್ತೇನೆ, ನೀನು ಆ ಕಡೆಯಿಂದ ಅಳಲು ಶುರುಮಾಡುತ್ತೀಯ. ಹದಿನಾಲ್ಕು ದಿನ ಚಾಮರಾಜನಗರದ ಆಸ್ಪತ್ರೆಯಲ್ಲಿದ್ದು ಮೊನ್ನೆ ಮನೆಗೆ ಬಂದೆ. ಜ್ವರ ಬಿಟ್ಟಿದೆ, ಉಸಿರು ಹತೋಟಿಗೆ ಬಂದಿದೆ. ಹೆದರಬೇಡ.

ನಡೆದದ್ದನ್ನು ಮೊದಲಿಂದ ಹೇಳುತ್ತೇನೆ. ದಸರಾ ಆದಮೇಲೆ ಸುರಿದ ಮಳೆಗೆ ನಮ್ಮ ಈರುಳ್ಳಿ ಮಂಡಿಯ ಶೆಡ್ಡು ಸೋರಿ, ಅಪ್ಪ ಈರುಳ್ಳಿ ಮೂಟೆಗಳನ್ನೆಲ್ಲ ತಂದು ನಮ್ಮ ನಡುಮನೆಯಲ್ಲಿ ಒಟ್ಟಿದರು. ನಾಲ್ಕೇ ದಿನಕ್ಕೆ ಅಡಿಯ ಮೂಟೆಗಳು ಕೊಳೆತು ಲೋಳೆ ಬಿಟ್ಟವು, ಸಿಪ್ಪೆಯ ಮೇಲೆ ಕರೀ ಬೂಷ್ಟು. ನನ್ನಂಥ ಶ್ವಾಸಕೋಶದವರು ಬೂಷ್ಟಿನ ಹತ್ತಿರ ಸುಳಿಯಬಾರದು ಎಂದು ಡಾಕ್ಟರು ಎಷ್ಟು ಸಲ ಹೇಳಿಲ್ಲ! ಆದರೆ ನನ್ನ ಕಾಯಿಲೆಯ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹೆಸರೇ ಅಪ್ಪನ ಬಾಯಿಗೆ ಬರುವುದಿಲ್ಲ. ಕೇಳಿದವರಿಗೆಲ್ಲ ‘ಡಸ್ಟ್ ಅಲರ್ಜಿ’ ಎನ್ನುತ್ತಾರೆ. ಐದನೇ ದಿನಕ್ಕೆ ನನ್ನ ಕಫದ ಬಣ್ಣ ತಿರುಗಿತು. ನಿನಗೆ ಹೇಳಲು ನಾಚಿಕೆ ಯಾಕೆ? ನನ್ನ ಕಫ ಯಾವಾಗಲೂ ಗಂಜಿಯ ಹಾಗೆ ಗಟ್ಟಿ, ಒಳಗೆ ಅಂಟಿಕೊಂಡು ಕೂತಿರುತ್ತದೆ. ಈಗ ಅದು ಪಾಚಿಗಟ್ಟಿದ ಹಸಿರು, ಕೊಳೆತ ದ್ರಾಕ್ಷಿಯ ವಾಸನೆ. ನನ್ನ ಬಾಯಿಂದಲೇ ಬಂದದ್ದು ಎಂದು ನಂಬಲಾಗದೆ ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಅಮ್ಮನಿಗೆ ಕಾಣದಿರಲೆಂದು ಎರಡು ದಿನ ನುಂಗಿಕೊಂಡೆ. ನುಂಗಿದ್ದರ ಜೊತೆ ಉಂಡ ಅನ್ನವೆಲ್ಲ ಹೊರಬಂತು.

ಅದೇ ವಾರ ಭೀಮನಬೀಡಿನಿಂದ ಅಪ್ಪನ ಅಕ್ಕ, ನಮ್ಮ ದೊಡ್ಡಮಲ್ಲತ್ತೆ, ಬಂದಿಳಿದಳು. ಮಂಚದ ಕೆಳಗಿದ್ದ ನನ್ನ ಕಫದ ಬಟ್ಟಲನ್ನು ನೀರಿನ ಲೋಟವೆಂದು ಎತ್ತಿ ನೋಡಿ ಅಪ್ಪನತ್ತ ಕಿರುಚಿದಳು. “ಅಯ್ಯೋ ಸಿವ್ನೇ, ಎಣ್ಮಗಿ ಎದೆಲಿ ಪಾಚಿ ಕಟ್ಟದೆ ಕಣ್ಲಾ ಮರಿಮಲ್ಲ! ಇವ್ಳ ತಟ್ಟೆ ಬ್ಯಾರೆ ಮಡುಗ್ಲಾ!” ಅವತ್ತಿನಿಂದ ನನ್ನ ತಟ್ಟೆ ಹಿತ್ತಲ ಕಿಟಕಿಯ ಮೇಲೆ. ಇದು ಅಂಟುವ ರೋಗವಲ್ಲ, ಹುಟ್ಟಿನಿಂದಲೇ ಬಂದದ್ದು ಎಂದು ಅಮ್ಮ ಹೇಳಿದರೆ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ತಲೆಯಾಡಿಸಿದಳು. ಅದೇ ಅತ್ತೆ ದಿನಕ್ಕೆ ಹತ್ತು ಸಲ ಎಲೆಯಡಿಕೆ ಜಗಿದು ಹಿತ್ತಲ ಗೋಡೆಗೆ ಪಿಚಕ್ಕನೆ ಉಗಿಯುತ್ತಾಳೆ. ಅದು ಯಾರಿಗೂ ಹೇಸಿಗೆಯಲ್ಲ!

ಜ್ವರ ಏರಿ, ಮಾತಿನ ಮಧ್ಯೆ ಉಸಿರು ಸಾಲದಾದಾಗ ಅಪ್ಪ ನನ್ನನ್ನು ಚಾಮರಾಜನಗರಕ್ಕೆ ಹೊರಡಿಸಿದರು. ಕಾರು ಮಾಡಿದರೆ ಬೀದಿಯವರೆಲ್ಲ ಕೇಳುತ್ತಾರೆಂದು ಖಾಸಗಿ ಬಸ್ಸು ಹತ್ತಿಸಿದರು. ಊರು ದಾಟುತ್ತಿದ್ದಂತೆ ಕೆಮ್ಮು ಹಿಡಿಯಿತು, ನಿಲ್ಲಲೇ ಇಲ್ಲ. ಕರವಸ್ತ್ರ ಮೀರಿ ಸೀಟಿನ ಕಂಬಿಗೆ ಹಸಿರು ಚಿಮ್ಮಿತು. ಎದುರಿನ ಹೆಂಗಸು ಮಗುವನ್ನು ಎತ್ತಿಕೊಂಡು ಓಡಿದಳು. ಆಗ, ಅಕ್ಕ, ನನ್ನ ಪಕ್ಕದಲ್ಲಿದ್ದ ಅಪ್ಪ ಮೆಲ್ಲಗೆ ಎದ್ದು ಹಿಂದಿನ ಸೀಟಿಗೆ ಹೋಗಿ ಕೂತರು. ಕಂಡಕ್ಟರ್ ಬಂದು, “ಟಿಬಿನಾ ಅಮ್ಮಿ? ಇಳ್ದೋಗು ಅತ್ಲಾಗಿ! ಯಾರ್ಲಾ ಇವ್ಳ ಕಡೆಯೋರು?” ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದ. ನಾನು ತಿರುಗಿ ನೋಡಿದೆ. ಅಪ್ಪ ಕಿಟಕಿಯಾಚೆ ಅರಿಶಿನದ ಹೊಲ ನೋಡುತ್ತಿದ್ದರು.

ತೆರಕಣಾಂಬಿಯಲ್ಲಿ ನಾನು ಮುಂದಿನ ಬಾಗಿಲಿಂದ ಇಳಿದೆ. ಅಪ್ಪ ಹಿಂದಿನ ಬಾಗಿಲಿಂದ ಇಳಿದು ಬಸ್ಸು ಹೋಗುವವರೆಗೂ ದೂರ ನಿಂತಿದ್ದು ಆಮೇಲೆ ಹತ್ತಿರ ಬಂದರು. “ಈರುಳ್ಳಿ ತಕ್ಕೊಳೋರು ಇಬ್ರು ಕೂತಿದ್ರು ಕಣಮ್ಮಿ. ಮನೇಲಿ ಟಿಬಿ ಅದೆ ಅಂದ್ಬುಟ್ರೆ ನಮ್ಮಂಡಿಗೆ ಯಾರ್ ಬಂದಾರು?” ಎಂದರು. ಆ ಕೊಳೆತ ಮೂಟೆಗಳಿಗಾಗಿ! ನನ್ನ ಬಾಯಲ್ಲಿದ್ದುದಕ್ಕಿಂತ ಆ ಮಾತೇ ನನಗೆ ಹೆಚ್ಚು ಅಸಹ್ಯವಾಯಿತು. ಅವರ ಚಪ್ಪಲಿಯ ಪಕ್ಕದಲ್ಲೇ ಉಗಿದೆ. ಬೇಕೆಂದೇ ಉಗಿದೆ.

ಅಲ್ಲಿಂದ ಆಟೋ ಹಿಡಿದು ಸೇರಿದ ಆಸ್ಪತ್ರೆಯಲ್ಲಿ ಚಾಮುಂಡಿ ಎಂಬ ನರ್ಸ್ ಇದ್ದಳು. ಕಫದಲ್ಲಿ ಯಾವ ಕ್ರಿಮಿ ಇದೆಯೆಂದು ನೋಡಲು ಅವಳೇ ಡಬ್ಬಿ ಹಿಡಿದಳು. ನಾನು ಮುಖ ತಿರುಗಿಸಿದ್ದಕ್ಕೆ, “ನಾಚ್ಕೆ ಯಾಕಮ್ಮಿ? ಉಗಿ. ಒಳ್ಗೇ ಇದ್ರೆ ತಾನೆ ಕಾಯ್ಲ” ಎಂದಳು. ಎರಡು ಬಗೆಯ ಆಂಟಿಬಯಾಟಿಕ್ಕು ರಕ್ತನಾಳಕ್ಕೆ, ದಿನಕ್ಕೆ ಮೂರು ಸಲ ಉಪ್ಪುನೀರಿನ ಹಬೆ, ಆಮೇಲೆ ತಲೆ ತಗ್ಗಿಸಿ ಮಲಗಿಸಿ ಬೆನ್ನು ತಟ್ಟುವುದು. ಬೆಳಗ್ಗೆ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ನೆನ್ನೆಗಿಂತ ತೆಳ್ಳಗದೆ” ಎಂದು ಖುಷಿಪಡುತ್ತಿದ್ದಳು. ಅವಳ ಖುಷಿ ನೋಡಿ ನನಗೂ ಡಬ್ಬಿಯ ಒಳಗೆ ನೋಡುವ ಧೈರ್ಯ ಬಂತು.

ಮಾರನೇ ದಿನ ಬಂದು ನನ್ನ ಜೊತೆಗಿದ್ದ ಅಮ್ಮ ಒಂಬತ್ತನೇ ದಿನ ತನಗೂ ಜ್ವರ ಬಂದು ಮನೆಗೆ ಹೋದಳು, ಅಪ್ಪ ಉಳಿದರು. ಚಾಮುಂಡಿ ಡಬ್ಬಿಯನ್ನು ಅಪ್ಪನ ಕೈಗೆ ಕೊಟ್ಟು, “ನೀವು ಇಡ್ಕಳಿ, ನಾನು ತಟ್ತೀನಿ” ಎಂದಳು. ಅಪ್ಪ ಗೋಡೆ ನೋಡುತ್ತಾ ಹಿಡಿದರು. ನಾನು ಕೆಮ್ಮಿದ ಕಫ ಗುರಿ ತಪ್ಪಿ ಅವರ ಕೈಮೇಲೆಯೇ ಬಿತ್ತು. ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡ ಸದ್ದು ಕೇಳಿಸಿತು. ಇನ್ನು ಬರುವುದಿಲ್ಲ ಎಂದುಕೊಂಡೆ. ಮುಖ ತೊಳೆದು ಬಂದು ಮತ್ತೆ ಹಿಡಿದರು, ಈ ಸಲ ಗೋಡೆ ನೋಡಲಿಲ್ಲ. ಉಳಿದ ಐದು ದಿನವೂ ಅವರೇ ಹಿಡಿದರು. ಬಸ್ಸಿನ ವಿಷಯ ಮಾತ್ರ ಇಬ್ಬರೂ ಎತ್ತಿಲ್ಲ. ಕ್ಷಮಿಸಿದ್ದೀಯಾ ಎಂದು ನೀನು ಕೇಳುತ್ತೀಯ. ಗೊತ್ತಿಲ್ಲ ಅಕ್ಕ.

ನಡುಮನೆ ಖಾಲಿಯಾಗಿದೆ. ಅಪ್ಪ ಮೂಟೆಗಳನ್ನೆಲ್ಲ ತಿಪ್ಪೆಗೆ ಸುರಿಸಿ ಗೋಡೆಗೆ ಸುಣ್ಣ ಹೊಡೆಸಿದ್ದಾರೆ. ನಾನು ತಟ್ಟೆಯನ್ನು ಒಳಗೆ ತಂದು ಎಲ್ಲರ ಜೊತೆಯಲ್ಲೇ ಉಣ್ಣುತ್ತೇನೆ. ಅತ್ತೆ ಬೆನ್ನು ತಿರುಗಿಸಿಕೊಂಡು ಉಣ್ಣುತ್ತಾಳೆ. ಉಣ್ಣಲಿ.

ಅಜ್ಜಿಯ ಕಾಲಿಗೆ ಬಿದ್ದೆನೆಂದು ಹೇಳು, ಮಾವನಿಗೆ ನಮಸ್ಕಾರ. ನಿನ್ನನ್ನು ಮಾದಪ್ಪ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ,
ಶಿವರಂಜಿನಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಹೆದರಿದ್ದೆ. ನಿನಗೆ ಎರಡು ತಿಂಗಳು ಎಂದು ಅಮ್ಮ ಬಾಯಿಬಿಟ್ಟಳು. ಆಸ್ಪತ್ರೆಯ ಡಾಕ್ಟರ್ ಸ್ವರ್ಣಲತಾ ಅವರು ಅಪ್ಪ ಅಮ್ಮನನ್ನು ಕೂರಿಸಿಕೊಂಡು ಹೇಳಿದರು: ಈ ಕಾಯಿಲೆಯ ಅರ್ಧ ಅಪ್ಪನಿಂದ, ಅರ್ಧ ಅಮ್ಮನಿಂದ ಬರುತ್ತದೆ. ಅರ್ಧ ಇರುವವರಿಗೆ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಆ ಅರ್ಧ ನಿನ್ನಲ್ಲಿರಬಹುದು, ಅಮ್ಮನ ತಮ್ಮನಾದ ಮಾವನಲ್ಲೂ ಇರಬಹುದು. “ಬಸ್ರಿ ಎಂಗ್ಸು, ಅವ್ಳಿಗೆ ಏಳ್ಬ್ಯಾಡಿ” ಎಂದು ಅಪ್ಪ ಎಲ್ಲರ ಬಾಯಿ ಮುಚ್ಚಿಸಿದ್ದಾರೆ. ನಾನು ಹೇಳುತ್ತಿದ್ದೇನೆ. ಈ ವಾರವೇ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ ನಂಬರ್ ಹಿಂದಿನ ಪುಟದಲ್ಲಿದೆ. ಆಮೇಲೆ ಏನು ಮಾಡುತ್ತೀರೋ ಅದು ನಿಮ್ಮದು. ನನಗಿರುವುದು ಏನೆಂದು ತಿಳಿಯಲು ಹನ್ನೊಂದು ವರ್ಷ ಹಿಡಿಯಿತು. ನಿನ್ನ ಮಗುವನ್ನು ಹಾಗೆ ಕಾಯಿಸಬೇಡ.