ಮೀಟರ್ ಪಕ್ಕದ ಸ್ಕ್ರೂ

ಹೊರಡುವ ಮುಂಚೆ ಆ ಸ್ಕ್ರೂವನ್ನು ಎಡಕ್ಕೆ ತಿರುಗಿಸಿಬಿಡಲೇ? ತಿರುಗಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲ ಅಕ್ಕಾ, ಹಾಗೇ ಬಿಟ್ಟು, ಈ ಚೀಟಿ ಬರೆದಿಟ್ಟು ಹೋಗುತ್ತಿದ್ದೇನೆ.

ಪ್ಲಂಬರ್ ಹತ್ತಕ್ಕೆ ಬರುತ್ತಾನೆ. ಅಲ್ಲಿಯವರೆಗೆ ಮೇನ್ ವಾಲ್ವ್ ತೆಗೆಯಬೇಡ. ಎರಡು ಬಕೆಟ್ ನೀರು ಹಿಡಿದಿಟ್ಟಿದ್ದೇನೆ. ಸಿಂಕ್ ಕೆಳಗಿನ ಒಡೆದ ಪೈಪ್ ಬದಲಾಯಿಸಿದರಷ್ಟೇ ಸಾಲದು, ಮೀಟರ್ ಪಕ್ಕದ ಪ್ರೆಷರ್ ವಾಲ್ವನ್ನೂ ಸರಿಮಾಡಲು ಹೇಳು. ಅದರ ಸ್ಕ್ರೂ ಬಲಕ್ಕೆ ತಿರುಗಿಸಿದರೆ ನೀರು ಕಡಿಮೆಯಾಗುತ್ತದಲ್ಲವೇ ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಅವನು ನಕ್ಕ. "ಅದೇನು ನಲ್ಲೀನಾ ಸಾರ್? ಬಲಕ್ಕೆ ಬಿಗಿ ಮಾಡಿದಷ್ಟೂ ನೀರು ಜೋರಾಗುತ್ತೆ. ಯಾರು ಕೈ ಹಾಕಿದ್ದು?" ಹತ್ತಕ್ಕೆ ಬಾ ಎಂದಷ್ಟೇ ಹೇಳಿ ಫೋನ್ ಇಟ್ಟೆ. ನೀರಿನ ರಭಸ ಇಳಿಸೋಣವೆಂದು ಮೊನ್ನೆ ಮೂರು ಸುತ್ತು ಬಲಕ್ಕೆ ಬಿಗಿ ಮಾಡಿದವನು ನಾನೇ.

"ಹಂಗೆ ಪಟ್ ಅಂತ ನಲ್ಲಿ ಮುಚ್ಚಿದ್ರೆ ಪೈಪ್ ಒಡೀದೆ ಇನ್ನೇನಾಗುತ್ತೆ" ಎಂದು ನಿನ್ನೆ ಅಪ್ಪ ನಿನ್ನನ್ನು ಬೈಯುವಾಗ ನಾನು ಅಲ್ಲೇ ನೆಲ ಒರೆಸುತ್ತಿದ್ದೆ. ಆಮೇಲೆ ನೀನು, ನೀರೇ ಬಾರದ ಬಚ್ಚಲಿನ ನಲ್ಲಿಯನ್ನೂ ಎರಡೇ ಬೆರಳಿನಲ್ಲಿ ಮೆಲ್ಲಗೆ ಮುಚ್ಚಿದ್ದನ್ನು ನೋಡಿದೆ.

ಒದ್ದೆ ಬಟ್ಟೆಗಳು ಇನ್ನೂ ಸಿಂಕ್ ಕೆಳಗೇ ಇವೆ. ಹಿಂಡಿ ಹಾಕುವಷ್ಟು ತ್ರಾಣ ಉಳಿದಿರಲಿಲ್ಲ.

ತಪ್ಪು ಅಕ್ಕನದಲ್ಲ, ನನ್ನದು ಎಂದು ಅಪ್ಪನಿಗೆ ನಾನು ಹೇಳಲಿಲ್ಲ.